ಗುಲಾಮರ ವ್ಯಾಪಾರದ ಚರಿತ್ರೆ: ಮಕ್ಕಳಿಗೆ ಹೇಳುವ ಬಗೆ

ಕೆಲವು ವಾರಗಳ ಹಿಂದೆ ನಮ್ಮ ವಾಚನಾಲಯದ ಭಾನುವಾರದ ಮಕ್ಕಳ ವರ್ಗದಲ್ಲಿ ನಮ್ಮಿಂದ ಒಂದು ತಪ್ಪು ನಡೆಯಿತು. ಅದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಈ ಲೇಖನ ಹುಟ್ಟಿದ್ದೇ ಆ ತಪ್ಪಿನಿಂದ.

ಆರನೆಯ ಇಯತ್ತೆಯ ಹುಡುಗನೊಬ್ಬ ಪುಸ್ತಕವೊಂದರಲ್ಲಿ ಗುಲಾಮರ ವ್ಯಾಪಾರವೆಂಬ ಮಾತನ್ನು ಕಂಡು, "ಗುಲಾಮ ಅಂದ್ರ ಇಸ್ಪೀಟಿನಾಗಿನ ಗುಲಾಮ ಏನ್ರೀ ಮಾಸ್ತರ್?" ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ನಾವು ಮಾಸ್ತರರೇನಲ್ಲ, ಗಿರಣಿಯಲ್ಲಿ ಹತ್ತಿಯ ಬೇಲುಗಳ ಲೆಕ್ಕ ಬರೆಯುವ ಗುಮಾಸ್ತರು, ಮ್ಯಾಟ್ರಿಕ್ ಮುಗಿಸಿ ನೌಕರಿಗೆ ಸೇರಿದವರು. ಆದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕೆಂಬ ಹುಮ್ಮಸ್ಸಿನಲ್ಲಿ, ಹಡಗಿನ ತಳದಲ್ಲಿ ಮನುಷ್ಯರನ್ನು ಸಾಲಾಗಿ ಮಲಗಿಸಿದ ಹಳೆಯ ಚಿತ್ರವೊಂದನ್ನು ತೋರಿಸಿ, ಸರಪಳಿ, ಚಾವಟಿ, ಹರಾಜು ಎಂದು ಒಂದು ತಾಸು ಹೇಳಿದೆವು. ವರ್ಗ ಮುಗಿದ ಮೇಲೆ ಮೆಟ್ಟಿಲ ಮೇಲೆ ಮಕ್ಕಳು ಹಗ್ಗ ಹಿಡಿದು ಹಡಗಿನ ಆಟ ಹೂಡಿದರು. ವರ್ಗದಲ್ಲಿ ಎಲ್ಲರಿಗಿಂತ ಕಪ್ಪಗಿದ್ದ ಹುಡುಗಿಯನ್ನು ಗುಲಾಮಳನ್ನಾಗಿ ಮಾಡಿದರು.

ಮುಂದಿನ ಎರಡು ಭಾನುವಾರ ಆಕೆ ಬರಲಿಲ್ಲ. ನಾವು ಅವರ ಖೋಲಿಗೆ ಹೋದೆವು. ತಂದೆ ಗೋದಾಮಿನಲ್ಲಿ ಹಮಾಲಿ ಮಾಡುವವರು. ಚಹಾ ಕೊಟ್ಟು ಕೂಡಿಸಿ ಸಮಾಧಾನದಿಂದಲೇ ಹೇಳಿದರು: "ನೀವು ಹೇಳಿದ್ದು ಸುಳ್ಳಂತ ನಾ ಅನ್ನಂಗಿಲ್ರೀ. ಆದ್ರ ಆ ಕತಿಯೊಳಗ ನನ್ನ ಮಗಳು ಯಾರಾಗಬೇಕ್ರೀ? ಹೊಡಿಸಿಕೊಳ್ಳೋರು ಬಿಟ್ಟು ಬ್ಯಾರೆ ಯಾರೂ ಇರಲಿಲ್ಲೇನು ಅದ್ರಾಗ?"

ನಮ್ಮ ಬಳಿ ಉತ್ತರವಿರಲಿಲ್ಲ. ಬಳಿಕ ಪುಸ್ತಕಗಳನ್ನು ತಂದು ಓದಿ, ಅದೇ ಪಾಠವನ್ನು ಮೂರು ಭಾನುವಾರ ಮತ್ತೆ ಹೊಸದಾಗಿ ಹೇಳಿದೆವು. ಹೇಗೆ ಹೇಳಿದೆವೆಂಬುದನ್ನು, ಮನೆಯಲ್ಲಿ ಮಕ್ಕಳಿಗೆ ಓದಿಸುವ ವಾಚಕ ಬಾಂಧವರಿಗೆ ಉಪಯೋಗವಾದೀತೆಂದು, ಇಲ್ಲಿ ಬರೆದಿದ್ದೇವೆ.

1. ಊರಿನಿಂದ ಆರಂಭಿಸಿರಿ, ಹಡಗಿನಿಂದ ಬೇಡ

ನಾವು ತೋರಿಸಿದ ಚಿತ್ರ ಬ್ರೂಕ್ಸ್ ಎಂಬ ಹಡಗಿನದು. 1788ರಲ್ಲಿ ಇಂಗ್ಲೆಂಡಿನಲ್ಲಿ, ಈ ವ್ಯಾಪಾರವನ್ನು ನಿಲ್ಲಿಸಬೇಕೆಂದು ಹೋರಾಡುತ್ತಿದ್ದವರೇ ಅದನ್ನು ಅಚ್ಚು ಹಾಕಿಸಿದರು. ಸಕ್ಕರೆ ತಿನ್ನುವ ಆಂಗ್ಲರಿಗೆ ನಾಚಿಕೆಯಾಗಲೆಂಬುದು ಅವರ ಉದ್ದೇಶ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಆದರೆ ಅದರಲ್ಲಿರುವ ಮನುಷ್ಯರಿಗೆ ಮುಖವಿಲ್ಲ, ಹೆಸರಿಲ್ಲ, ಊರಿಲ್ಲ. ಮೊದಲ ಪರಿಚಯವೇ ಅದಾದರೆ ಆಫ್ರಿಕದವರೆಂದರೆ ಸರಪಳಿಯಲ್ಲಿ ಇರುವವರೆಂಬ ಭಾವನೆ ಮಗುವಿನ ಮನಸ್ಸಿನಲ್ಲಿ ನಿಂತುಬಿಡುತ್ತದೆ.

ಆದ್ದರಿಂದ ಮೊದಲು ಅವರ ಊರು ಕೇರಿಗಳನ್ನು ಹೇಳಿರಿ. ಪಶ್ಚಿಮ ಆಫ್ರಿಕದ ಸೆನೆಗಲ್ ಮತ್ತು ಗ್ಯಾಂಬಿಯಾ ನದಿಗಳ ಸೀಮೆಯಲ್ಲಿ ಭತ್ತ ಬೆಳೆಯುವ ಒಕ್ಕಲಿಗರಿದ್ದರು. ಈಗ ನೈಜೀರಿಯದಲ್ಲಿರುವ ಬೆನಿನ್ ರಾಜ್ಯದ ಕಂಚುಗಾರರು ಎರಕ ಹೊಯ್ದ ಫಲಕಗಳನ್ನು ಕಂಡು ಇಂದಿಗೂ ಲೋಕವೆಲ್ಲ ಬೆರಗಾಗುತ್ತದೆ. ಟಿಂಬಕ್ಟು ನಗರದಲ್ಲಿ ಪಂಡಿತರಿದ್ದರು, ಸಾವಿರಾರು ಕೈಬರಹದ ಗ್ರಂಥಗಳಿದ್ದವು. ನೇಕಾರರು, ಕಮ್ಮಾರರು, ಸಂತೆ ನಡೆಸುವ ಹೆಂಗಸರು, ಕಥೆ ಹೇಳುವ ಅಜ್ಜಂದಿರು ಎಲ್ಲರೂ ಇದ್ದರು. ಹಿಡಿದು ಮಾರಿದ್ದು ಇಂಥವರನ್ನು. "ಗುಲಾಮರನ್ನು ಒಯ್ದರು" ಎನ್ನುವುದಕ್ಕಿಂತ "ಮನುಷ್ಯರನ್ನು ಒಯ್ದು ಗುಲಾಮರನ್ನಾಗಿ ಮಾಡಿದರು" ಎಂದು ಹೇಳುವುದು ಸರಿ. ವಾಕ್ಯ ಸ್ವಲ್ಪ ಉದ್ದವಾದರೂ ಚಿಂತೆಯಿಲ್ಲ.

ಬಳಿಕ ಒಬ್ಬ ಹುಡುಗನ ಕಥೆ ಹೇಳಿರಿ. ಓಲಾಡಾ ಇಕ್ವಿಯಾನೋ ಎಂಬುವನು 1789ರಲ್ಲಿ ತನ್ನ ಜೀವನವನ್ನು ತಾನೇ ಬರೆದು ಪ್ರಕಟಿಸಿದ. ಅವನು ಬರೆದಂತೆ, ಸುಮಾರು ಹನ್ನೊಂದು ವರ್ಷದವನಿದ್ದಾಗ ಒಂದು ದಿನ ದೊಡ್ಡವರೆಲ್ಲ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಅವನೂ ಅವನ ಸೋದರಿಯೂ ಇಬ್ಬರೇ. ಗೋಡೆ ಹತ್ತಿ ಬಂದ ಮೂವರು ಇಬ್ಬರನ್ನೂ ಹಿಡಿದೊಯ್ದರು. ಮುಂದೆ ಅವರಿಬ್ಬರನ್ನೂ ಬೇರೆ ಬೇರೆ ಮಾಡಿದರು. ಅನೇಕ ವರ್ಷ ಹಡಗುಗಳಲ್ಲಿ ದುಡಿದು, ಅಲ್ಲಲ್ಲಿ ಸಣ್ಣ ವ್ಯಾಪಾರ ಮಾಡಿ ಕಾಸು ಕೂಡಿಸಿ, 1766ರಲ್ಲಿ ಅವನು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ. ಅವನು ಹುಟ್ಟಿದ್ದು ಅಮೇರಿಕದಲ್ಲೇ ಇರಬಹುದೆಂದು ಕೆಲವು ಪಂಡಿತರು ವಾದಿಸುತ್ತಾರೆ. ದೊಡ್ಡ ಮಕ್ಕಳಿಗೆ ಅದನ್ನೂ ಹೇಳಬಹುದು. ಚರಿತ್ರೆಯೆಂದರೆ ಸಾಕ್ಷ್ಯಗಳನ್ನು ತೂಗಿ ನೋಡುವ ಕೆಲಸವೆಂದು ಅದರಿಂದ ತಿಳಿಯುತ್ತದೆ. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗಿ ಒಂಟಿಯಾಗಿರುವ ಸಣ್ಣ ಮಕ್ಕಳಿಗೆ ಮಾತ್ರ ಈ ಕಥೆ ರಾತ್ರಿ ಹೇಳಬೇಡಿರಿ. ಹಗಲಲ್ಲಿ, ಹತ್ತಿರ ಕೂಡಿಸಿಕೊಂಡು ಹೇಳಿರಿ.

2. ಕೈಗೊಂದು ಕವಡೆ ಕೊಡಿರಿ

ಚೌಕಾಬಾರ ಆಡುವ ಕವಡೆಗಳನ್ನು ತಂದು ನಾವು ಮಕ್ಕಳಿಗೆ ಒಂದೊಂದು ಕೊಟ್ಟೆವು. ಆ ಕಾಲದಲ್ಲಿ ಪಶ್ಚಿಮ ಆಫ್ರಿಕದ ಅನೇಕ ಕಡೆ ಇದೇ ನಾಣ್ಯ. ಇದು ಸಿಗುತ್ತಿದ್ದುದು ನಮ್ಮ ಕಡಲಿನ ಮಾಲ್ಡೀವ್ಸ್ ದ್ವೀಪಗಳಲ್ಲಿ. ಯೂರೋಪಿನ ವ್ಯಾಪಾರಿಗಳು ಸಿಂಹಳ, ಬಂಗಾಳಗಳಲ್ಲಿ ಕವಡೆಯನ್ನು ಕೊಂಡು ತಮ್ಮ ದೇಶಕ್ಕೆ ಒಯ್ದು, ಅಲ್ಲಿಂದ ಆಫ್ರಿಕದ ದಂಡೆಗೆ ಸಾಗಿಸಿ, ಅದನ್ನು ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಗುಜರಾತ, ಬಂಗಾಳ, ಚೋಳಮಂಡಲ ತೀರಗಳ ನೇಕಾರರು ನೆಯ್ದ ಹತ್ತಿಯ ಬಟ್ಟೆಯೂ ಈ ವ್ಯಾಪಾರದಲ್ಲಿ ದೊಡ್ಡ ಪಾಲು ಪಡೆದಿತ್ತು. ಮಗ್ಗದ ಮುಂದೆ ಕುಳಿತ ನಮ್ಮ ನೇಕಾರನಿಗೆ ತನ್ನ ಬಟ್ಟೆ ಎಲ್ಲಿಗೆ ಹೋಗುತ್ತದೆಂಬುದು ಗೊತ್ತಿರಲಿಲ್ಲ. ಅವನಿಂದ ಕೊಂಡ ಕಂಪನಿಗಳಿಗೆ ಗೊತ್ತಿತ್ತು.

ವ್ಯಾಪಾರದ ಹಾದಿಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಮೂರು ಮೂಲೆಯಾಗಿ ಬರೆಯಿರಿ. ಲಿವರ್‌ಪೂಲ್, ನಾಂತ್ ಮುಂತಾದ ಬಂದರುಗಳಿಂದ ಬಟ್ಟೆ, ಬಂದೂಕು, ಕಬ್ಬಿಣದ ಪಟ್ಟಿ, ಸಾರಾಯಿ ತುಂಬಿದ ಹಡಗು ಆಫ್ರಿಕಕ್ಕೆ ಹೋಗುತ್ತದೆ. ಅಲ್ಲಿ ಮನುಷ್ಯರನ್ನು ತುಂಬಿಕೊಂಡು ಅಟ್ಲಾಂಟಿಕ್ ಸಾಗರ ದಾಟಿ ಅಮೇರಿಕ ಖಂಡಗಳಿಗೆ ಹೋಗುತ್ತದೆ. ಅಲ್ಲಿಂದ ಸಕ್ಕರೆ, ತಂಬಾಕು ತುಂಬಿಕೊಂಡು ಮನೆಗೆ ಮರಳುತ್ತದೆ. ಎಲ್ಲ ಹಡಗುಗಳೂ ಹೀಗೆಯೇ ತಿರುಗುತ್ತಿರಲಿಲ್ಲ. ಬ್ರೆಜಿಲ್ಲಿನಿಂದ ನೆಟ್ಟಗೆ ಆಫ್ರಿಕಕ್ಕೆ ಹೋಗಿ ಬರುತ್ತಿದ್ದವೂ ಬಹಳ. ಆದರೆ ಮುಖ್ಯ ಸಂಗತಿ ಮಕ್ಕಳಿಗೆ ಹೊಳೆಯುತ್ತದೆ: ಇದು ಕೆಲವು ದುಷ್ಟರ ಸಿಟ್ಟಿನ ಕೆಲಸವಾಗಿರಲಿಲ್ಲ. ಬಂಡವಾಳ, ವಿಮೆ, ಬಡ್ಡಿ, ರಸೀದಿಗಳಿದ್ದ ಉದ್ಯಮವಾಗಿತ್ತು.

3. ದೊಡ್ಡ ಸಂಖ್ಯೆಯನ್ನು ಕೈಗೆ ಸಿಗುವಂತೆ ಮಾಡಿರಿ

ಸುಮಾರು 1500ರಿಂದ 1866ರವರೆಗೆ, 350 ವರ್ಷಗಳಿಗೂ ಮಿಕ್ಕಿ, ಈ ವ್ಯಾಪಾರ ನಡೆಯಿತು. ಹಡಗುಗಳ ದಾಖಲೆಗಳನ್ನು ಒಟ್ಟುಗೂಡಿಸಿದ ವಿದ್ವಾಂಸರ ಅಂದಾಜಿನಂತೆ ಆಫ್ರಿಕದಲ್ಲಿ ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ ಜನ. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದ 18 ಲಕ್ಷ ಜನ ಸಮುದ್ರದಲ್ಲಿಯೇ ತೀರಿಕೊಂಡರು. ಒಳನಾಡಿನಿಂದ ಬಂದರಿಗೆ ನಡೆಸಿಕೊಂಡು ಬರುವಾಗ ಸತ್ತವರ ಲೆಕ್ಕ ಇದರಲ್ಲಿಲ್ಲ. ಒಯ್ದವರಲ್ಲಿ ಸುಮಾರು ಕಾಲು ಭಾಗ ಮಕ್ಕಳು.

ಕೋಟಿ ಎಂದರೆ ಮಗುವಿಗೆ ಏನೂ ಕಾಣುವುದಿಲ್ಲ. ಏಳು ಹುಣಸೆಬೀಜ ಇಟ್ಟು ಒಂದನ್ನು ತೆಗೆದು ಪಕ್ಕಕ್ಕಿಡಿರಿ. ಹಡಗು ಹತ್ತಿದ ಏಳು ಜನರಲ್ಲಿ ಒಬ್ಬ ದಾರಿಯಲ್ಲಿ ಹೋದ. ಇಷ್ಟು ಸಾಕು. ಬೀಜದ ಬದಲು ಮಕ್ಕಳನ್ನೇ ಸಾಲಾಗಿ ನಿಲ್ಲಿಸುವ ಕೆಲಸ ಬೇಡ, ಕೈಗೆ ಹಗ್ಗ ಕಟ್ಟಿ "ಹೇಗಿತ್ತು ನೋಡು" ಎನ್ನುವ ನಾಟಕವಂತೂ ಬೇಡವೇ ಬೇಡ. ಅದರ ಫಲವನ್ನು ನಾವು ಮೆಟ್ಟಿಲ ಮೇಲೆ ಕಂಡಿದ್ದೇವೆ.

ಎಲ್ಲಿಗೆ ಒಯ್ದರೆಂಬುದನ್ನೂ ತೋರಿಸಿರಿ. ಗುಲಾಮರೆಂದ ಕೂಡಲೇ ಎಲ್ಲರೂ ಅಮೇರಿಕ ಸಂಯುಕ್ತ ಸಂಸ್ಥಾನಗಳನ್ನೇ ನೆನೆಯುತ್ತಾರೆ. ಅಲ್ಲಿಗೆ ಆಫ್ರಿಕದಿಂದ ನೇರವಾಗಿ ಬಂದವರು 4 ಲಕ್ಷಕ್ಕಿಂತ ಕಡಿಮೆ. ಬ್ರೆಜಿಲ್ ಒಂದಕ್ಕೇ 48 ಲಕ್ಷದಷ್ಟು ಜನರನ್ನು ಒಯ್ದರು. ಜಮೈಕಾ, ಬಾರ್ಬಡೋಸ್, ಕ್ಯೂಬಾ ಮುಂತಾದ ಕಬ್ಬಿನ ದ್ವೀಪಗಳಿಗೂ ಲಕ್ಷಗಟ್ಟಲೆ.

4. ಲೆಕ್ಕದ ಪುಸ್ತಕ

ಈ ಭಾಗ ಹದಿಮೂರು ಹದಿನಾಲ್ಕು ದಾಟಿದವರಿಗೆ. ಗುಮಾಸ್ತಿಕೆ ಮಾಡುವ ನಮಗೆ ಓದುವಾಗ ಎಲ್ಲಕ್ಕಿಂತ ಹೆಚ್ಚು ಮೈ ನಡುಗಿಸಿದ್ದೂ ಇದೇ.

1781ರಲ್ಲಿ ಲಿವರ್‌ಪೂಲ್ ವ್ಯಾಪಾರಿಗಳ ಜಾಂಗ್ ಎಂಬ ಹಡಗಿನಿಂದ 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಕುಡಿಯುವ ನೀರು ಸಾಲದಾಯಿತೆಂಬುದು ಹೇಳಿದ ನೆಪ. ಬಳಿಕ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆಯ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಮೊದಲ ತೀರ್ಪು ಮಾಲೀಕರ ಕಡೆಗೇ ಆಯಿತು. ವಿಮೆಯವರ ತಕರಾರಿನ ಮೇಲೆ ಮರುವಿಚಾರಣೆಗೆ ಅಪ್ಪಣೆ ಸಿಕ್ಕಿತು. ಆದರೆ ವಾದವೆಲ್ಲ ನಡೆದದ್ದು ನಷ್ಟವಾದ ಸರಕಿನ ಮೇಲೆ. ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಈ ಸುದ್ದಿಯನ್ನು ನ್ಯಾಯಕ್ಕಾಗಿ ಹೋರಾಡುತ್ತಿದ್ದ ಗ್ರ್ಯಾನ್ವಿಲ್ ಶಾರ್ಪ್ ಎಂಬುವರಿಗೆ ಮುಟ್ಟಿಸಿದವನು ಮೇಲೆ ಹೇಳಿದ ಇಕ್ವಿಯಾನೋ.

ಮಕ್ಕಳಿಗೆ ಒಂದು ಮಾತು ಕೇಳಿರಿ: ಆ ಲೆಕ್ಕ ಬರೆದ ಗುಮಾಸ್ತ ಯಾರನ್ನೂ ಹೊಡೆಯಲಿಲ್ಲ, ಸರಪಳಿ ಹಾಕಲಿಲ್ಲ, ಬಹುಶಃ ಹಡಗನ್ನು ಹತ್ತಿದವನೂ ಅಲ್ಲ. ಅವನ ಕೂಡಿಕೆ ತಪ್ಪಿರಲಿಲ್ಲ. ಹಾಗಾದರೆ ಅವನ ಪುಸ್ತಕದಲ್ಲಿ ತಪ್ಪು ಎಲ್ಲಿತ್ತು? ನಮ್ಮ ವರ್ಗದ ಹುಡುಗನೊಬ್ಬ, "ಹೆಸರು ಬರಿಯೋ ಜಾಗಾದಾಗ ನಂಬರ್ ಬರದಾನ್ರೀ" ಎಂದ. ನಾವು ಕೊಡಬಹುದಾಗಿದ್ದ ಉತ್ತರಕ್ಕಿಂತ ಅದು ಚೆನ್ನಾಗಿತ್ತು.

5. ಎದುರು ನಿಂತವರ ಕಥೆಯನ್ನು ಬಿಡಬೇಡಿರಿ

ಹಮಾಲರಾದ ಆ ತಂದೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಸುಮಾರು ಹತ್ತು ಯಾನಗಳಲ್ಲಿ ಒಂದರಲ್ಲಿ ಹಡಗಿನ ಮೇಲೆಯೇ ದಂಗೆ ನಡೆಯಿತೆಂದು ವಿದ್ವಾಂಸರ ಅಂದಾಜು. ಫ್ರೆಂಚರ ಸ್ಯಾಂ ಡೊಮಿಂಗ್ ಎಂಬ ಸಕ್ಕರೆಯ ಸೀಮೆಯಲ್ಲಿ 1791ರ ಆಗಸ್ಟ್ ತಿಂಗಳಿನಲ್ಲಿ ಗುಲಾಮರು ಎದ್ದು ನಿಂತರು. ಸ್ವತಃ ಗುಲಾಮಗಿರಿಯಿಂದ ಬಂದ ತೂಸ್ಸಾಂ ಲೂವರ್ತೂರ್ ಅವರಿಗೆ ನಾಯಕನಾದ. ಅವನು 1803ರಲ್ಲಿ ಫ್ರೆಂಚರ ಸೆರೆಮನೆಯಲ್ಲಿ ತೀರಿಕೊಂಡರೂ ನೆಪೋಲಿಯನ್ ಕಳಿಸಿದ ಸೈನ್ಯ ಸೋತಿತು, 1804ರ ಜನವರಿ 1ರಂದು ಹೈಟಿ ಸ್ವತಂತ್ರ ದೇಶವಾಯಿತು. ಆ ದಂಗೆಯ ನೆನಪಿಗಾಗಿಯೇ ಯುನೆಸ್ಕೋ ಸಂಸ್ಥೆ ಆಗಸ್ಟ್ 23ನ್ನು ಸ್ಮರಣೆಯ ದಿನವೆಂದು ಆಚರಿಸುತ್ತದೆ.

ಅಮೇರಿಕದ ಹ್ಯಾರಿಯೆಟ್ ಟಬ್ಮನ್ ಎಂಬ ಹೆಂಗಸು 1849ರಲ್ಲಿ ತಪ್ಪಿಸಿಕೊಂಡು ಹೋದಳು. ಅಷ್ಟಕ್ಕೇ ಸುಮ್ಮನಾಗದೆ ಸುಮಾರು 13 ಸಲ ಹಿಂತಿರುಗಿ ಬಂದು 70ರಷ್ಟು ಜನರನ್ನು ರಾತ್ರಿಯ ಹಾದಿಯಲ್ಲಿ ಬಿಡುಗಡೆಯ ಕಡೆಗೆ ಕರೆದೊಯ್ದಳು.

ನಮ್ಮ ವಾಚನಾಲಯಕ್ಕೆ ಎಲ್ಲರಿಗಿಂತ ಹತ್ತಿರದವನು ಫ್ರೆಡರಿಕ್ ಡಗ್ಲಸ್. ಅವನು ಹುಟ್ಟಿದ್ದು 1818ರಲ್ಲಿ. ಅಮೇರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದು ಕಾನೂನಿನಂತೆ ಅಪರಾಧವಾಗಿತ್ತು. ಬಾಲ್ಟಿಮೋರಿನಲ್ಲಿ ಮನೆಯ ಯಜಮಾನಿ ಅವನಿಗೆ ಅಕ್ಷರ ಹೇಳಿಕೊಡತೊಡಗಿದಾಗ ಆಕೆಯ ಗಂಡ, ಓದು ಕಲಿತವನು ಗುಲಾಮನಾಗಿ ಉಳಿಯುವುದಿಲ್ಲವೆಂದು ತಡೆದ. ಆ ಮಾತು ಕೇಳಿಯೇ ಓದಿನ ಬೆಲೆ ಹುಡುಗನಿಗೆ ತಿಳಿಯಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ತನ್ನ ಪಾಲಿನ ರೊಟ್ಟಿ ಕೊಟ್ಟು, ಬದಲಿಗೆ ಓದು ಹೇಳಿಸಿಕೊಂಡ. 1838ರಲ್ಲಿ ತಪ್ಪಿಸಿಕೊಂಡು, 1845ರಲ್ಲಿ ತನ್ನ ಕಥೆಯನ್ನು ತಾನೇ ಬರೆದು, ಲೋಕವೆಲ್ಲ ಕೇಳುವ ಮಾತುಗಾರನಾದ.

6. ಮುಗಿದದ್ದು ಹೇಗೆ

ಬ್ರಿಟನ್ 1807ರಲ್ಲಿ ವ್ಯಾಪಾರವನ್ನು ನಿಷೇಧಿಸಿತು. ಗುಲಾಮಗಿರಿಯನ್ನೇ ತೆಗೆಯುವ ಕಾನೂನು 1833ರದು. ಅದು ಜಾರಿಗೆ ಬಂದದ್ದು 1834ರ ಆಗಸ್ಟ್ 1ರಂದು. ಆದರೆ ಉಮೇದುವಾರಿಕೆ ಎಂಬ ಹೆಸರಿನಲ್ಲಿ ಬಹಳ ಜನರನ್ನು 1838ರವರೆಗೂ ಸಂಬಳವಿಲ್ಲದೆ ದುಡಿಸಿದರು. ಪರಿಹಾರವೆಂದು ಸರ್ಕಾರ ಕೊಟ್ಟ 2 ಕೋಟಿ ಪೌಂಡು ಹೋದದ್ದು ಮಾಲೀಕರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಹೈಟಿಯಿಂದಲೂ 1825ರಲ್ಲಿ ಫ್ರಾನ್ಸ್ 15 ಕೋಟಿ ಫ್ರಾಂಕ್ ದಂಡ ಕೇಳಿತು. ಅಮೇರಿಕದಲ್ಲಿ ಗುಲಾಮಗಿರಿ ಹೋದದ್ದು 1865ರಲ್ಲಿ, ಕ್ಯೂಬಾದಲ್ಲಿ 1886ರಲ್ಲಿ, ಬ್ರೆಜಿಲ್ಲಿನಲ್ಲಿ ಎಲ್ಲಕ್ಕೂ ಕೊನೆಗೆ 1888ರಲ್ಲಿ.

7. ಮಕ್ಕಳು ಕೇಳುವ ಮೂರು ಪ್ರಶ್ನೆಗಳು

"ಅವರ ಜನರೇ ಅವರನ್ನು ಮಾರಿದರಂತೆ, ನಿಜವೇ?" ಆಫ್ರಿಕದ ಕೆಲವು ಅರಸರೂ ವ್ಯಾಪಾರಿಗಳೂ ಯುದ್ಧದಲ್ಲಿ ಸೆರೆಸಿಕ್ಕವರನ್ನು, ನೆರೆಯವರನ್ನು ಮಾರಿದ್ದು ನಿಜ. ಮರೆಮಾಚಬೇಡಿರಿ. ಬೇರೆ ಬೇರೆ ರಾಜ್ಯದವರು ತಮ್ಮನ್ನು ಒಂದೇ ಜನವೆಂದು ಆಗ ತಿಳಿದಿರಲಿಲ್ಲ. ತಡೆಯಲು ಯತ್ನಿಸಿದವರೂ ಇದ್ದರು: ಕಾಂಗೋ ದೇಶದ ಅರಸ ಅಫಾನ್ಸೋ 1526ರಲ್ಲಿಯೇ ಪೋರ್ತುಗಲ್ಲಿನ ದೊರೆಗೆ ತನ್ನ ಪ್ರಜೆಗಳನ್ನು ಹಿಡಿದೊಯ್ಯುತ್ತಿದ್ದಾರೆಂದು ದೂರು ಬರೆದಿದ್ದ. ಕೊಳ್ಳುವವನ ಆಸೆ ಹೆಚ್ಚಿದಷ್ಟೂ ಹಿಡಿಯುವವನ ಕೈ ಉದ್ದವಾಯಿತು.

"ಅವರು ಕಪ್ಪಗಿದ್ದದ್ದರಿಂದ ಗುಲಾಮರಾದರೇ?" ಲಾಭಕ್ಕಾಗಿ ಗುಲಾಮರನ್ನಾಗಿ ಮಾಡಿದರು. ಮಾಡಿದ್ದನ್ನು ಸರಿಯೆಂದು ತೋರಿಸಲು ಬಣ್ಣದ ಕಾರಣ ಹುಡುಕಿ ಕಾನೂನು ಬರೆದರು, ಹುಟ್ಟುವ ಮಗುವೂ ಗುಲಾಮನೇ ಎಂದರು. ಬಣ್ಣದ ಹೀನಾಯ ಹಾಗೆ ಬೆಳೆದು ನಿಂತಿತು. ಮೆಟ್ಟಿಲ ಮೇಲೆ ನಮ್ಮ ಮಕ್ಕಳು ಆಡಿದ ಆಟದಲ್ಲಿಯೂ ಅದರ ನೆರಳಿತ್ತು.

"ನಮ್ಮ ಅಪ್ಪನೂ ನನ್ನದು ಗುಲಾಮಗಿರಿ ಅಂತಾನಲ್ಲ?" ಇದು ನಮ್ಮೆಲ್ಲರ ಮನೆಯ ಮಾತು. ಮಗುವಿಗೆ ಬಿಡಿಸಿ ಹೇಳಿರಿ. ಅಪ್ಪನಿಗೆ ಸಂಬಳ ಕಡಿಮೆ ಇರಬಹುದು, ಮುಕಾದಮನ ಬಾಯಿ ಕೆಟ್ಟದಿರಬಹುದು. ಆದರೂ ಆತ ಕೆಲಸ ಬಿಡಬಲ್ಲ, ಕೋರ್ಟಿಗೆ ಹೋಗಬಲ್ಲ. ಆತನ ಮಗಳನ್ನು ಯಾರೂ ಮಾರಲಾರರು. ಅಟ್ಲಾಂಟಿಕ್ ಸಾಗರ ದಾಟಿಸಿದವರಿಗೆ ಈ ಯಾವುದೂ ಇರಲಿಲ್ಲ. ಹಾಗೆಂದು ಅಪ್ಪನ ಕಷ್ಟ ಸಣ್ಣದೆಂದೂ ಹೇಳಬೇಡಿರಿ. ಸಾಲ ಕೊಟ್ಟು ದುಡಿಸಿಕೊಳ್ಳುವ ಜೀತ ನಮ್ಮ ನಾಡಿನಲ್ಲಿಯೂ ಇತ್ತು. ಅದನ್ನು ಅಪರಾಧವೆಂದು ಸಾರುವ ಕಾನೂನು ಬಂದದ್ದು 1976ರಲ್ಲಿ.

8. ನಮಗಿರುವ ನಂಟು

1861ರಿಂದ 1865ರವರೆಗಿನ ಅಮೇರಿಕದ ಅಂತರ್ಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲು ಬರುತ್ತಿದ್ದುದು ಅಮೇರಿಕದ ಗುಲಾಮರು ಬಿಡಿಸಿದ ಹತ್ತಿ. ಯುದ್ಧದಿಂದ ಅದು ನಿಂತಾಗ ಮುಂಬಯಿಯಲ್ಲಿ ಹತ್ತಿಗೆ ಬಂಗಾರದ ಬೆಲೆ ಬಂತು. 1840ರ ದಶಕದಲ್ಲಿ ಅಮೇರಿಕದ ಬೀಜ ತಂದು ಬಿತ್ತಿದ್ದ ಧಾರವಾಡ ಸೀಮೆಗೂ ಬಂತು. ಯುದ್ಧ ಮುಗಿದ 1865ರಲ್ಲಿ ಬೆಲೆ ಕುಸಿದು ಮುಂಬಯಿಯ ಎಷ್ಟೋ ಮನೆತನಗಳು ದಿವಾಳಿಯಾದವು.

ಗುಲಾಮರು ಬಿಡುಗಡೆಯಾದ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾದಾಗ ಅವರನ್ನು ತಂದದ್ದು ನಮ್ಮ ದೇಶದಿಂದ. 1834ರಿಂದ ಮಾರಿಷಸ್‌ಗೆ, ಬಳಿಕ ಗಯಾನ, ಟ್ರಿನಿಡಾಡ್‌ಗಳಿಗೆ ಕರಾರಿನ ಮೇಲೆ ಲಕ್ಷಾಂತರ ಜನ ಹೋದರು. ಆ ಕರಾರನ್ನು ಅವರು ಗಿರ್ಮಿಟ್ ಎಂದರು. ನಮ್ಮ ಹುಬ್ಬಳ್ಳಿಯ ಚುರುಮುರಿ ಗಿರ್ಮಿಟ್ಟೇ ಬೇರೆ ಎಂದು ಮಕ್ಕಳಿಗೆ ಹೇಳಿದರೆ ನಗುತ್ತಾರೆ, ಮರೆಯುವುದೂ ಇಲ್ಲ. 1917ರವರೆಗೆ ಈ ಪದ್ಧತಿ ನಡೆಯಿತು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿಗಳು ಆಫ್ರಿಕ ಮೂಲದ ಕನ್ನಡಿಗರು. ಅವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ತುಗೀಜರು ಗೋವೆಗೆ ಗುಲಾಮರಾಗಿ ತಂದಿದ್ದರು. ಅದು ಹಿಂದೂ ಮಹಾಸಾಗರದ ಬೇರೆ ಕಥೆ, ಆದರೆ ನೋವು ಅದರ ನೆರೆಯದೇ. ಜೋತಿಬಾ ಫುಲೆಯವರು 1873ರಲ್ಲಿ ಪುಣೆಯಲ್ಲಿ 'ಗುಲಾಮಗಿರಿ' ಎಂಬ ಮರಾಠಿ ಗ್ರಂಥ ಬರೆದು, ಗುಲಾಮಗಿರಿಯನ್ನು ತೊಡೆದ ಅಮೇರಿಕದ ಸಜ್ಜನರಿಗೆ ಅರ್ಪಿಸಿದರು. ದೂರದ ಕಥೆಯಲ್ಲಿ ತನ್ನ ಮನೆಯ ತಪ್ಪನ್ನು ಕಂಡ ದೊಡ್ಡ ಮನಸ್ಸು ಅದು.

ಮುಗಿಸುವ ಮುನ್ನ

ಸಣ್ಣ ಮಕ್ಕಳಿಗೆ 1, 2 ಮತ್ತು 5ನೆಯ ಭಾಗಗಳು ಸಾಕು. ಹತ್ತು ದಾಟಿದವರಿಗೆ 3 ಮತ್ತು 6 ಸೇರಿಸಿರಿ. ಉಳಿದದ್ದು ದೊಡ್ಡವರಿಗೆ, ಮತ್ತು ನಮಗೆ.

ಎರಡನೆಯ ಭಾನುವಾರ ಆ ಹುಡುಗಿ ಬಂದಳು, ಹಿಂದಿನ ಸಾಲಿನಲ್ಲಿ ಕುಳಿತಳು. ಮೂರನೆಯ ಭಾನುವಾರ ಡಗ್ಲಸ್‌ನ ಕಥೆ ಆಯಿತು. ವರ್ಗ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಮತ್ತೆ ಆಟ ನಡೆದಿತ್ತು. ನಾವು ಎದೆ ಹಿಡಿದು ಇಣುಕಿ ನೋಡಿದೆವು. ಆಕೆ ತನ್ನ ಡಬ್ಬಿಯ ರೊಟ್ಟಿಯನ್ನು ಮುರಿದು ತುಂಡು ತುಂಡು ಮಾಡಿ ಹುಡುಗರ ಮುಂದೆ ಹಿಡಿದು, "ಒಂದಕ್ಷರ ಹೇಳಿದ್ರ ಒಂದು ತುಣುಕು" ಎನ್ನುತ್ತಿದ್ದಳು. ಹಿಂದೆ ಹಗ್ಗ ಹಿಡಿದಿದ್ದ ಹುಡುಗನೇ ಮೊದಲು ಕೈ ಚಾಚಿದ. ಅವನು ಒತ್ತಕ್ಷರ ತಪ್ಪು ಹೇಳಿದ. ಆಕೆ ರೊಟ್ಟಿ ಕೊಡಲಿಲ್ಲ.

ಕವಡೆಗಳೂ ನಾವು ಬರೆದ ನಕ್ಷೆಯೂ ವಾಚನಾಲಯದ ಕಪಾಟಿನಲ್ಲಿವೆ. ಮನೆಯಲ್ಲಿ ಪಾಠ ಹೇಳಬಯಸುವವರು ಸಂಜೆ ಬಂದು ಕೇಳಿ ಒಯ್ಯಬಹುದು. ಒಂದು ವಾರದಲ್ಲಿ ಹಿಂತಿರುಗಿಸಬೇಕಾಗಿ ವಿನಂತಿ.